ಕನಸಿಗೆ ಕಾಲು ಕೆತ್ತಿದವರು

1967ರಲ್ಲಿ ಬೆಂಗಳೂರಿನ ಆನೆಮರಿಯೊಂದು ಏರ್ ಇಂಡಿಯಾ ವಿಮಾನ ಹತ್ತಿ ಜಿನೀವಾಕ್ಕೆ ಹೋಯಿತು. ಜೊತೆಗೆ ಮಾವುತನೂ ಇದ್ದ. ಅಲ್ಲಿಂದ ಅದು ರಸ್ತೆ ಮೂಲಕ ಸ್ಪೇನ್ ದೇಶದ ಕಡಾಕೆಸ್ ಎಂಬ ಕಡಲತೀರದ ಊರಿಗೆ ತಲುಪಿತು. ಅದಕ್ಕಾಗಿ ಕಾಯುತ್ತಿದ್ದವರು ಚಿತ್ರಕಾರ ಸಾಲ್ವಡಾರ್ ಡಾಲಿ. ಆ ಮರಿ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆ. ಏರ್ ಇಂಡಿಯಾದವರು ನ್ಯೂಯಾರ್ಕಿನಲ್ಲಿ ಡಾಲಿಯನ್ನು ಕಂಡು, ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆಯಾಗಿ ಕೊಡಲು ಏನಾದರೂ ವಿನ್ಯಾಸ ಮಾಡಿಕೊಡಿ ಎಂದು ಕೇಳಿದ್ದರು. ಡಾಲಿ ಒಪ್ಪಿದರು. ಹಣದ ಬದಲು ಆನೆ ಕೇಳಿದರು.

ಅವರು ಮಾಡಿಕೊಟ್ಟದ್ದು ಪಿಂಗಾಣಿಯ ಒಂದು ಆ್ಯಷ್‌ಟ್ರೇ. ಚಿಪ್ಪಿನ ಆಕಾರದ ಬಟ್ಟಲು, ಅದರ ಅಂಚಿಗೆ ಸುತ್ತಿಕೊಂಡ ಹಾವು, ಕೆಳಗೆ ಆಸರೆಯಾಗಿ ಆನೆಯ ತಲೆ ಮತ್ತು ಹಂಸ. ಹಂಸವನ್ನು ತಲೆಕೆಳಗಾಗಿಸಿ ನೋಡಿದರೆ ಅದೇ ಆನೆ, ಆನೆಯನ್ನು ತಿರುಗಿಸಿದರೆ ಅದೇ ಹಂಸ. ಹಂಸದ ಕೊರಳು ಸೊಂಡಿಲಾಗುತ್ತದೆ, ರೆಕ್ಕೆ ಕಿವಿಯಾಗುತ್ತದೆ. ಸುಮಾರು 500 ತಯಾರಾದವು. ಇಂದು ಅವು ಸಂಗ್ರಾಹಕರು ಹುಡುಕಿ ಕೊಳ್ಳುವ ವಸ್ತುಗಳು.

ಈ ಉಪಾಯ ಡಾಲಿಗೆ ಹೊಸದೇನಲ್ಲ. 30 ವರ್ಷ ಮೊದಲು, 1937ರಲ್ಲಿ, ಅವರು ಬರೆದ ಚಿತ್ರವೊಂದರಲ್ಲಿ ಕೊಳದ ಮೇಲೆ ಮೂರು ಹಂಸಗಳಿವೆ. ನೀರಿನಲ್ಲಿ ಬಿದ್ದ ಅವುಗಳ ನೆರಳು ಮೂರು ಆನೆ. ಹಂಸಗಳ ಹಿಂದಿರುವ ಬೋಳು ಮರಗಳ ಕಾಂಡವೇ ನೆರಳಿನಲ್ಲಿ ಆನೆಯ ಕಾಲು. ಒಂದೇ ಗೆರೆಗೆ ಎರಡು ಜೀವ ಕೊಡುವ ಈ ಕೌಶಲವನ್ನು ಅವರು ತಮ್ಮದೇ ಒಂದು ವಿಧಾನವೆಂದು ಹೆಸರಿಟ್ಟು ಸಾರಿದರು. ಜಗತ್ತೂ ಅದನ್ನು ಅವರ ಆವಿಷ್ಕಾರವೆಂದೇ ಒಪ್ಪಿಕೊಂಡಿತು.

ದಕ್ಷಿಣ ಕನ್ನಡದ ಮೂಡುಬಿದಿರೆಯವರು ಇದನ್ನು ಅಷ್ಟು ಸುಲಭಕ್ಕೆ ಒಪ್ಪಬೇಕಾಗಿಲ್ಲ. ಅಲ್ಲಿನ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂದು ಆನೆಯಿದೆ. ದೂರದಿಂದ ನೋಡಿದರೆ ಆನೆಯೇ. ಹತ್ತಿರ ಹೋದರೆ ಆನೆ ಕರಗಿ ಒಂಬತ್ತು ಮಂದಿ ಹೆಂಗಸರು ಕಾಣಿಸುತ್ತಾರೆ. ನಿಂತವರ ಕಾಲುಗಳೇ ಆನೆಯ ಕಾಲು, ಬಾಗಿದವರ ಬೆನ್ನೇ ಆನೆಯ ಬೆನ್ನು, ಮುಂದಕ್ಕೆ ಚಾಚಿದ ಮೈಯೇ ತಲೆ ಮತ್ತು ಸೊಂಡಿಲು. ಒಬ್ಬರ ಮೈಯ ಗೆರೆ ಇನ್ನೊಬ್ಬರ ಮೈಗೆ ಸೇರುವ ಜಾಗ ಎಲ್ಲಿ ಎಂದು ಹುಡುಕಿದರೆ ಕಣ್ಣು ಸೋಲುತ್ತದೆ. ಇದು ನವನಾರೀ ಕುಂಜರ. ಅಲ್ಲೇ ಐದು ಮಂದಿ ಸೇರಿ ಆದ ಕುದುರೆಯೂ ಇದೆ, ಪಂಚನಾರೀ ತುರಗ. ಅರಮನೆ 17ನೇ ಶತಮಾನದ್ದು. ಚೌಟರೆಂದರೆ ಪುತ್ತಿಗೆ, ಉಳ್ಳಾಲಗಳಿಂದ ಆಳಿದ ಜೈನ ಅರಸು ಮನೆತನ; ಪೋರ್ಚುಗೀಸರ ಎದುರು ನಿಂತ ರಾಣಿ ಅಬ್ಬಕ್ಕ ಇದೇ ಮನೆತನದವಳು. ಆ ಕಂಬ ಕೆತ್ತಿದ ಆಚಾರಿಯ ಹೆಸರು ಮಾತ್ರ ನಮಗೆ ಉಳಿದಿಲ್ಲ.

ನವನಾರೀ ಕುಂಜರ ಮೂಡುಬಿದಿರೆಯಲ್ಲೇ ಹುಟ್ಟಿದ್ದು ಎಂದು ನಾನು ಹೇಳುತ್ತಿಲ್ಲ. ಮೊಗಲರ ಮತ್ತು ದಖ್ಖನಿನ ಚಿತ್ರಕಾರರು ಹಲವು ಪ್ರಾಣಿಗಳನ್ನು ಹೆಣೆದು ಒಂದು ಪ್ರಾಣಿ ಬರೆಯುತ್ತಿದ್ದರು. ತಮಿಳುನಾಡಿನ ದಾರಾಸುರಂ ದೇವಾಲಯದಲ್ಲಿ ಎತ್ತಿಗೂ ಆನೆಗೂ ಒಂದೇ ತಲೆಯಿರುವ ಶಿಲ್ಪ ಚೋಳರ ಕಾಲದಿಂದಲೂ ಇದೆ. ಸಿಂಹಳದ ಕ್ಯಾಂಡಿ ಸೀಮೆಯ ಕುಶಲಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಆನಂದ ಕುಮಾರಸ್ವಾಮಿ 1908ರಲ್ಲಿ ಪ್ರಕಟಿಸಿದ ಸಿಂಹಳ ಕಲೆಯ ದೊಡ್ಡ ಗ್ರಂಥದಲ್ಲಿ ಈ ಕೂಡುರೂಪಗಳ ವಿಚಾರವಿದೆ. ಐದು ಹೆಣ್ಣು ಸೇರಿದ ಕೊಡ, ನಾಲ್ವರು ಸೇರಿದ ಪಲ್ಲಕ್ಕಿ ಆ ಪರಂಪರೆಯವು. ಪಲ್ಲಕ್ಕಿಯೆಂದರೆ ಕೂರುವ ಪೀಠ. ಮನುಷ್ಯರ ಮೈಯಿಂದಲೇ ಪೀಠ ಕಟ್ಟುವ ಕಲ್ಪನೆ ಈ ಕಡಲ ಬದಿಯಲ್ಲಿ ಯಾವತ್ತೋ ಬಂದುಹೋಗಿದೆ.

ಆದರೂ ಮೂಡುಬಿದಿರೆಯ ಕಂಬಕ್ಕೆ ಅದರದೇ ಹೆಚ್ಚುಗಾರಿಕೆ ಇದೆ. ಅದು ಗೋಡೆಗೆ ತೂಗುಹಾಕಿದ ಚಿತ್ರವಲ್ಲ, ಮಾಡು ಹೊತ್ತ ಕಂಬ. ಮನೆಗೆ ಬಂದವರು ಒರಗಿದ, ಮಕ್ಕಳು ಕೈಯಾಡಿಸಿದ ಮರ. ಕಂಬದ ಚೌಕ ಮುಖದಲ್ಲಿ ಆಚಾರಿಗೆ ಸಿಕ್ಕಿದ್ದು ಚದರ ಜಾಗ. ಅದನ್ನು ಒಂದು ಹೆಣ್ಣಿನ ರೂಪ ತುಂಬುವುದಿಲ್ಲ, ಇಕ್ಕೆಲದಲ್ಲಿ ಖಾಲಿ ಉಳಿಯುತ್ತದೆ. ಆನೆ ತುಂಬುತ್ತದೆ. ಆನೆಯ ದೊಡ್ಡ ಹೊಟ್ಟೆ ಬರಿದಾಗಿ ಬೋಳು ಕಾಣುತ್ತದೆ. ಅದನ್ನು ಹೆಂಗಸರು ತುಂಬುತ್ತಾರೆ. ಎರಡು ತೊಡಕಿಗೂ ಒಂದೇ ಪರಿಹಾರ. ಈ ರೂಪ ಇಲ್ಲಿನ ಮರದ ಕೆಲಸಕ್ಕೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಉಳಿಯ ತುದಿಯಲ್ಲಿ ಹುಟ್ಟಿದ ಈ ಲೆಕ್ಕಾಚಾರವೇ ಕಾರಣವೆಂದು ನನಗೆ ಬಲವಾಗಿ ಅನಿಸುತ್ತದೆ.

ಊರೂ ಅಂಥದ್ದೇ. 1430ರ ಹೊತ್ತಿಗೆ ಕಟ್ಟಿದ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ತಳಪಟ್ಟಿಯಲ್ಲಿ ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ ಎಂದು ಗುರುತಿಸಲಾದ ಕೆತ್ತನೆಗಳಿವೆ. ಕರಾವಳಿಯ ವ್ಯಾಪಾರ ಅಷ್ಟು ದೂರದ ಸುದ್ದಿಯನ್ನೂ ಹೊತ್ತು ತರುತ್ತಿತ್ತು. ಕಣ್ಣಾರೆ ಕಾಣದ ಪ್ರಾಣಿಯನ್ನೂ ಕೆತ್ತಲು ಇಲ್ಲಿನವರ ಕೈ ಹಿಂಜರಿಯಲಿಲ್ಲ. ಭಾರತದ ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ 1876ರಲ್ಲಿ ಮೂಡುಬಿದಿರೆಯ ಬಸದಿಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದರು. ಇಲ್ಲಿನ ಕಲ್ಲಿನ ಕಂಬಗಳು ಮೂಲೆ ಸವರಿದ ಮರದ ದಿಮ್ಮಿಗಳ ಹಾಗೆ ಕಾಣುತ್ತವೆ ಎಂದೂ ಗಮನಿಸಿದರು. ಸರಿಯಾದ ಮಾತು. ಮಳೆಯ ನಾಡಿನಲ್ಲಿ ಮೊದಲು ಬಂದದ್ದು ಮರ, ಕಲ್ಲು ಅದರಿಂದ ಕಲಿಯಿತು. ಕಲ್ಲು ಉಳಿದದ್ದರಿಂದ ನಾವು ಕಲ್ಲನ್ನಷ್ಟೇ ಕಲೆ ಎನ್ನುತ್ತೇವೆ.

ಇನ್ನು ಡಾಲಿಯ ಬಳಗದ ಪ್ಯಾರಿಸ್ಸಿನ ಕತೆ. ಆಂದ್ರೆ ಬ್ರೆತಾನ್ 1924ರಲ್ಲಿ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದಾಗ ಅದು ಮುಖ್ಯವಾಗಿ ಕವಿಗಳ ಚಳವಳಿ. ಕನಸು, ಅರೆನಿದ್ದೆ, ತಡೆಯಿಲ್ಲದೆ ಹರಿಯುವ ಬರವಣಿಗೆ, ಇವೇ ಅವರ ಬಂಡವಾಳ. ಕುರ್ಚಿ ಮೇಜಿನ ಗೊಡವೆ ಆಗ ಇರಲಿಲ್ಲ. ಅದು ಬಂದದ್ದು ಹಳೆ ಸಾಮಾನಿನ ಸಂತೆಯಿಂದ.

1934ರಲ್ಲಿ ಬ್ರೆತಾನ್ ಮತ್ತು ಶಿಲ್ಪಿ ಆಲ್ಬರ್ಟೊ ಜಾಕೊಮೆಟ್ಟಿ ಪ್ಯಾರಿಸ್ ಅಂಚಿನ ಸೇಂತ್ ಊವಾನ್ ಸಂತೆಯಲ್ಲಿ ಅಲೆಯುತ್ತಿದ್ದರು. ಜಾಕೊಮೆಟ್ಟಿಗೆ ಒಂದು ಲೋಹದ ಮುಖವಾಡ ಸಿಕ್ಕಿತು. ಬ್ರೆತಾನ್ ಕೊಂಡದ್ದು ಮರದ ಒಂದು ಚಮಚ. ಅದರ ಹಿಡಿಯ ಕೆಳಗೆ ಪುಟ್ಟ ಪಾದರಕ್ಷೆಯೊಂದನ್ನು ಕೆತ್ತಲಾಗಿತ್ತು. ಮನೆಗೆ ತಂದು ನೋಡುತ್ತ ಕೂತಾಗ ಅವರಿಗೆ ಹಳೆಯದೊಂದು ನೆನಪಾಯಿತು. ಕೆಲವು ಕಾಲ ಮೊದಲು ಅವರು ಜಾಕೊಮೆಟ್ಟಿಯ ಬಳಿ ಸಿಂಡ್ರೆಲಾಳ ಕಾಲಿನ ಜೋಡಿನಂಥ ಒಂದು ಆ್ಯಷ್‌ಟ್ರೇ ಮಾಡಿಕೊಡು ಎಂದು ಕೇಳಿದ್ದರು. ಅದು ಆಗಿರಲಿಲ್ಲ. ಆಗದೇ ಉಳಿದ ಆ ಆಸೆಯೇ ಸಂತೆಯಲ್ಲಿ ಚಮಚವಾಗಿ ಎದುರು ಬಂದಿತ್ತು. ಈ ಪ್ರಸಂಗವನ್ನು ಅವರು 1937ರ ತಮ್ಮ ಪುಸ್ತಕದಲ್ಲಿ ಬರೆದರು. ಚಮಚದ ಫೋಟೊ ತೆಗೆದವರು ಮ್ಯಾನ್ ರೇ.

ಹಳೆ ಸಾಮಾನನ್ನು ಕೊಳ್ಳುವವರಿಗೆ ಇಡೀ ಚಳವಳಿ ಕೊಟ್ಟ ದೊಡ್ಡ ಕಾಣಿಕೆ ಇದೇ ಎಂದು ನಾನು ನಂಬುತ್ತೇನೆ. ಮಾಡಿದವನಷ್ಟೇ ಅಲ್ಲ, ಗುರುತಿಸಿದವನೂ ಆವಿಷ್ಕರಿಸುತ್ತಾನೆ. ಆ ಚಮಚ ಕೆತ್ತಿದವನಿಗೆ ಸರ್ರಿಯಲಿಸಂ ಗೊತ್ತಿರಲಿಲ್ಲ. ಮೂಡುಬಿದಿರೆಯ ಆಚಾರಿಗೂ ಗೊತ್ತಿರಲಿಲ್ಲ. ಅದರಿಂದ ವಸ್ತುವಿನ ಬಲ ಕಡಿಮೆಯಾಗುವುದಿಲ್ಲ.

1936ರಲ್ಲಿ ಇನ್ನೊಂದು ಪ್ರಸಂಗ. ಮೆರೆಟ್ ಓಪನ್‌ಹೈಮ್ ಎಂಬ ಯುವತಿ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಪಿಕಾಸೊ ಮತ್ತು ಡೋರಾ ಮಾರ್ ಜೊತೆ ಕೂತಿದ್ದಳು. ಅವಳ ಕೈಯಲ್ಲಿ ತುಪ್ಪಳ ಹೊದಿಸಿದ ಬಳೆ ಇತ್ತು. ತುಪ್ಪಳವನ್ನು ಯಾವುದಕ್ಕೆ ಬೇಕಾದರೂ ಹೊದಿಸಬಹುದಲ್ಲ ಎಂದು ಪಿಕಾಸೊ ಅಂದಾಗ, ಈ ಕಪ್ಪು ಬಸಿಗೂ ಹೊದಿಸಬಹುದು ಎಂದಳು ಅವಳು. ಹಾಗೆಯೇ ಮಾಡಿದಳು ಕೂಡ. ಅಂಗಡಿಯಿಂದ ಸಾಮಾನ್ಯ ಕಪ್ಪು, ಬಸಿ, ಚಮಚ ತಂದು ಜಿಂಕೆ ಜಾತಿಯ ಪ್ರಾಣಿಯೊಂದರ ತುಪ್ಪಳ ಹೊದಿಸಿದಳು. ಅದೇ ವರ್ಷ ಅದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ನಡೆಸಿದ ದೊಡ್ಡ ಪ್ರದರ್ಶನಕ್ಕೆ ಹೋಯಿತು. ಹಣ್ಣು ತರಕಾರಿ ಜೋಡಿಸಿ ಮನುಷ್ಯಮುಖ ಬರೆಯುತ್ತಿದ್ದ 16ನೇ ಶತಮಾನದ ಇಟಲಿಯ ಆರ್ಚಿಂಬೋಲ್ಡೊನನ್ನೂ ಅಲ್ಲಿ ಸರ್ರಿಯಲಿಸಂನ ಪೂರ್ವಜನೆಂದು ಕೂರಿಸಿದರು. ಒಂಬತ್ತು ಹೆಣ್ಣುಗಳ ಆನೆಗೆ ಆ ಸಾಲಿನಲ್ಲಿ ಧಾರಾಳವಾಗಿ ಜಾಗವಿತ್ತು.

ಪೀಠೋಪಕರಣಕ್ಕೆ ಬಂದರೆ, ಡಾಲಿ ಹಾಲಿವುಡ್ ನಟಿ ಮೇ ವೆಸ್ಟಳ ಮುಖವನ್ನು ಒಂದು ಕೋಣೆಯಾಗಿ ಬರೆದಿದ್ದರು: ಕೂದಲು ಪರದೆ, ಕಣ್ಣು ಗೋಡೆಯ ಚಿತ್ರ, ತುಟಿ ಸೋಫಾ. ಅವರ ಪೋಷಕ ಎಡ್ವರ್ಡ್ ಜೇಮ್ಸ್ ಎಂಬ ಇಂಗ್ಲಿಷ್ ಶ್ರೀಮಂತನಿಗೆ ಆ ತುಟಿ ನಿಜವಾದ ಸೋಫಾ ಆಗಬೇಕೆನಿಸಿತು. 1938ರಲ್ಲಿ ಐದು ತಯಾರಾದವು. ಅವುಗಳಲ್ಲೊಂದನ್ನು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಈಚೆಗೆ ಕೊಂಡುಕೊಂಡಿದೆ. ಮರು ವರ್ಷವೇ, 1939ರಲ್ಲಿ, ಓಪನ್‌ಹೈಮ್ ಒಂದು ಮೇಜು ಮಾಡಿದಳು. ಹೊಂಬಣ್ಣದ ಮೊಟ್ಟೆಯಾಕಾರದ ಹಲಗೆ, ಅದರ ಮೇಲೆ ಹಕ್ಕಿ ನಡೆದುಹೋದ ಹೆಜ್ಜೆಗುರುತು, ಕೆಳಗೆ ಕಂಚಿನ ಎರಡು ತೆಳ್ಳಗಿನ ಹಕ್ಕಿಕಾಲು. ನನಗೆ ಅವಳ ಕಪ್ಪಿಗಿಂತ ಈ ಮೇಜು ದೊಡ್ಡದು. ಆ ಕಪ್ಪಿನಲ್ಲಿ ಯಾರೂ ಚಹಾ ಕುಡಿಯಲಾರರು. ಮೇಜಿನ ಮೇಲೆ ಚಹಾ ಇಡಬಹುದು, ಮತ್ತು ಹಕ್ಕಿ ಈಗಷ್ಟೇ ಎದ್ದುಹೋಯಿತು ಎಂಬ ಭಾವ ದಿನವೂ ಹೊಸದಾಗಿ ಬರುತ್ತದೆ.

ಯುದ್ಧ ಬಂತು, ಎಲ್ಲ ಚದುರಿತು. ಮತ್ತೆ ಇದಕ್ಕೆ ಜೀವ ಬಂದದ್ದು ಸುಮಾರು 30 ವರ್ಷದ ನಂತರ ಇಟಲಿಯಲ್ಲಿ. ದೀನೊ ಗವೀನಾ ಎಂಬ ಪೀಠೋಪಕರಣ ತಯಾರಕ 1971ರಲ್ಲಿ ಒಂದು ಮಾಲಿಕೆಯನ್ನು ಹೊರತಂದು ಈ ಕನಸುಗಳನ್ನು ಕಾರ್ಖಾನೆಗೆ ಕರೆತಂದ. ಓಪನ್‌ಹೈಮಳ ಹಕ್ಕಿಕಾಲಿನ ಮೇಜು ಅಲ್ಲಿ ಮತ್ತೆ ತಯಾರಾಯಿತು. ಚಿಲಿ ದೇಶದ ರೊಬೆರ್ತೊ ಮಟ್ಟಾ ಚಿತ್ರಕಾರ ಮ್ಯಾಗ್ರಿಟ್‌ನ ನೆನಪಿಗೆ ಕಪ್ಪು ಟೋಪಿಯಲ್ಲಿ ಹಸಿರು ಸೇಬು ಕೂತ ಕುರ್ಚಿ ಮಾಡಿದ. ಮ್ಯಾನ್ ರೇ ದೊಡ್ಡ ಕಣ್ಣಿನಂಥ ಆಸನ ಮಾಡಿದ. ಡಾಲಿಯ ತುಟಿಯೂ 1970ರಲ್ಲಿ ಸ್ಟುಡಿಯೊ 65 ಎಂಬ ತಂಡದ ಕೈಯಲ್ಲಿ ಕೆಂಪು ಫೋಮಿನ ಸೋಫಾವಾಗಿ ಮರುಹುಟ್ಟು ಪಡೆಯಿತು. ಇದಕ್ಕೂ ಮೊದಲು, 1960ರ ದಶಕದ ಆರಂಭದಲ್ಲಿ, ಮೆಕ್ಸಿಕೊದ ಪೆದ್ರೊ ಫ್ರೀಡೆಬರ್ಗ್ ಮರದ ದೊಡ್ಡ ಅಂಗೈಯನ್ನೇ ಕುರ್ಚಿಯಾಗಿಸಿದ್ದ. ಅಂಗೈ ಆಸನ, ಬೆರಳುಗಳು ಒರಗು. ಸರ್ರಿಯಲಿಸ್ಟ್ ವಿಂಟೇಜ್ ಪೀಠೋಪಕರಣ ಎಂದು ಇಂದು ಹರಾಜುಮನೆಗಳಲ್ಲಿ ಕೈ ಬದಲಾಗುವ ವಸ್ತುಗಳಲ್ಲಿ ಬಹುಪಾಲು ಈ ಎರಡನೇ ಬೆಳೆಯವು.

ಇಷ್ಟು ತಿಳಿದ ಮೇಲೆ ನಮ್ಮ ಕರಾವಳಿಯ ಹಳೆಯ ಮನೆಗಳೊಳಗೆ ಕಣ್ಣು ಹಾಯಿಸಿದರೆ ನೋಟವೇ ಬೇರೆಯಾಗುತ್ತದೆ. ಅಡುಗೆಮನೆಯ ಮೂಲೆಯಲ್ಲಿರುವ, ತೆಂಗಿನಕಾಯಿ ತುರಿಯುವ ಹೆರೆಮಣೆ ತೆಗೆದುಕೊಳ್ಳಿ. ಗಿಡ್ಡ ಕಾಲುಗಳ ಮೇಲೆ ಉದ್ದನೆಯ ಮಣೆ, ಮುಂದೆ ಕೊರಳು ಚಾಚಿದ ಕಬ್ಬಿಣ, ತುದಿಯಲ್ಲಿ ಹಲ್ಲುಹಲ್ಲಿನ ನಾಲಗೆ. ಅದು ಕೂರುವ ಪೀಠವೂ ಹೌದು, ಉಪಕರಣವೂ ಹೌದು. ಮೇಲೆ ಕೂತವರ ಭಾರವಿಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಕೂತ ಕ್ಷಣ ಮಣೆ ಒಂದು ಪ್ರಾಣಿಯಾಗುತ್ತದೆ. ಹಲಸಿನ ಮಣೆಯಾದರೆ ಎಪ್ಪತ್ತು ಎಂಬತ್ತು ವರ್ಷದ ಬಳಕೆಯಲ್ಲಿ ನಡುಭಾಗ ತಗ್ಗಿ, ತೊಡೆಯ ಅಚ್ಚು ಮೂಡಿ, ಬಣ್ಣ ಅರಸಿನದಿಂದ ಕಡು ಕಂದಾಗಿ ಮಿನುಗುತ್ತದೆ. ಆ ಮಿನುಗು ತೆಂಗಿನೆಣ್ಣೆಯದು, ಪಾಲಿಶಿನದಲ್ಲ. ಪಾಲಿಶು ಹಚ್ಚಿದರೆ ಅದು ಹೋಯಿತು, ಮತ್ತೆ ಬಾರದು.

ಚಾವಡಿಯ ಬೋದಿಗೆ ಕಂಬಗಳು, ಭತ್ತ ತುಂಬುವ ಪತ್ತಾಯ, ಬೀಟೆಯ ಆರಾಮ ಕುರ್ಚಿ, ಹಿತ್ತಾಳೆಯ ಸರಪಣಿಯ ತೂಗುಮಂಚ, ಚೆನ್ನೆಮಣೆ, ಇವೆಲ್ಲ ಹೀಗೆ ತಿರುಗಿಸಿ ನೋಡಬೇಕಾದವು. ಕಾಲು ಎಲ್ಲಿ ಹುಲಿಯ ಪಂಜವಾಗುತ್ತದೆ, ಕೈಯಾಸರೆ ಎಲ್ಲಿ ಹಕ್ಕಿಯ ಕೊಕ್ಕಾಗಿ ಮುಗಿಯುತ್ತದೆ, ಸರಪಣಿಯ ಕೊಂಡಿ ಎಲ್ಲಿ ನವಿಲೋ ಆನೆಯೋ ಆಗುತ್ತದೆ ಎಂದು ಹುಡುಕಬೇಕು. ಓಪನ್‌ಹೈಮ್ ಹಕ್ಕಿಯ ಕಾಲಿಗೆ ಬರುವ ಎಷ್ಟೋ ಮೊದಲು ಮರಗೆಲಸದವರು ಪೀಠಕ್ಕೆ ಪ್ರಾಣಿಯ ಕಾಲು ಕೊಟ್ಟಿದ್ದರು.

ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಸಂಗ್ರಾಹಕರ ಕೈ ಹಿಂದೆ ಸರಿಯಬೇಕು. ದೈವಸ್ಥಾನದ ಉಜ್ಜಾಲು, ಅಂದರೆ ದೈವದ ತೂಗುಮಂಚ. ಅದರ ಮೇಲೆ ಮನುಷ್ಯರು ಕೂರುವುದಿಲ್ಲ. ಕಣ್ಣಿಗೆ ಕಾಣದವರಿಗಾಗಿ ಅತ್ಯಂತ ಜತನದಿಂದ ಮಾಡಿದ ಆಸನ ಅದು. ಖಾಲಿ ಪೀಠದ ಮುಂದೆ ಇಷ್ಟು ಮಂದಿ ತಲೆಬಾಗುತ್ತಾರೆ ಎಂಬುದನ್ನು ಬ್ರೆತಾನ್ ಕಂಡಿದ್ದರೆ ಏನು ಬರೆಯುತ್ತಿದ್ದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಅದು ಸಂತೆಗೆ ಬರುವ ಸಾಮಾನಲ್ಲ. ಉಡುಪಿ ಸೀಮೆಯ ಮೆಕ್ಕೆಕಟ್ಟಿನ ಮರದ ಹಳೆಯ ಮೂರ್ತಿಗಳನ್ನು ಇಂದು ನೋಡಬೇಕೆಂದರೆ ದೆಹಲಿಯ ಕರಕುಶಲ ಮ್ಯೂಸಿಯಮ್ಮಿಗೆ ಹೋಗಬೇಕು. ಅಲ್ಲಿ ಅವು ಸುರಕ್ಷಿತವಾಗಿವೆ, ನಿಜ. ಆದರೂ ನಂಬಿಕೆಯ ವಸ್ತು ಎಲ್ಲಿಯದೋ ಅಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಬಳಕೆಯ ಮರದ ಸಾಮಾನು ಹೋದ ದಾರಿ ಬೇರೆ. ಬಂಟ್ವಾಳ ಪೇಟೆ ನೇತ್ರಾವತಿಯ ದಂಡೆಯಲ್ಲಿ ಬೆಳೆದದ್ದು, ನೇತ್ರಾವತಿಯಿಂದಲೇ ಕಳೆದುಕೊಂಡದ್ದೂ ಬಹಳ. ಊರವರು ಇಂದಿಗೂ ‘ಮಾರಿ ಬೊಳ್ಳ’ ಎಂದು ನೆನೆಯುವ 1923ರ ನೆರೆ, ಮತ್ತೆ 1974ರ ನೆರೆ, ಎರಡೂ ಮನೆಗಳೊಳಗೆ ನುಗ್ಗಿದವು. ನೀರು ಬಿಟ್ಟದ್ದನ್ನು ಒರಲೆ ತಿಂದಿತು. ಒರಲೆ ಬಿಟ್ಟದ್ದನ್ನು ತಾರಸಿ ಮನೆಯ ಆಸೆ ಇಳಿಸಿತು. ಗುತ್ತಿನ ಮನೆಯೊಂದನ್ನು ಬಿಚ್ಚುವಾಗ ಕಂಬ, ತೊಲೆ, ಬಾಗಿಲುವಾಡ ಎಲ್ಲವೂ ಬರೀ ಮೋಪು ಎಂಬ ಲೆಕ್ಕದಲ್ಲಿ ಲಾರಿ ಹತ್ತುತ್ತವೆ. ಕೊಚ್ಚಿಯ ಮಟ್ಟಾಂಚೇರಿ ಅಥವಾ ತಮಿಳುನಾಡಿನ ಕಾರೈಕುಡಿಯ ಹಳೆ ಸಾಮಾನಿನ ಬೀದಿಗಳನ್ನು ನೋಡಿದವರಿಗೆ ಇಂಥ ಮರ ಕೊನೆಗೆ ಎಂಥ ಅಂಗಡಿಗಳನ್ನು ಸೇರುತ್ತದೆ ಎಂದು ಗೊತ್ತು. ಅಲ್ಲಿ ಚಂದದ ಕಂಬಕ್ಕೆ ಬೆಲೆ ಇರುತ್ತದೆ, ಊರು ಇರುವುದಿಲ್ಲ.

ಉಳಿಸಿದವರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಗ್ರಾಮ ಕಟ್ಟಿದರು, 2017ರಲ್ಲಿ ತೀರಿಹೋದರು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕಟ್ಟಿದ ಮಂಜೂಷಾ ಮ್ಯೂಸಿಯಂ ಇದೆ. ಅಲ್ಲಿ ತಾಳೆಗರಿಯಿಂದ ಕ್ಯಾಮೆರಾವರೆಗೆ ಎಲ್ಲವೂ ಒಂದೇ ಗೌರವದಲ್ಲಿ ಕೂತಿವೆ, ಅದು ನನಗೆ ಇಷ್ಟ. ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಮತ್ತು ತುಳು ಬದುಕು ವಸ್ತು ಸಂಗ್ರಹಾಲಯ ಇವೆ. ಇತಿಹಾಸದ ಮೇಷ್ಟ್ರಾಗಿದ್ದ ಅವರು ವರ್ಷಗಟ್ಟಲೆ ಮನೆಮನೆ ತಿರುಗಿ, ಅಟ್ಟದ ಧೂಳಿನಿಂದ ಇಳಿಸಿ ತಂದದ್ದು ಆ ಸಂಗ್ರಹ. ಸಂತೆಯಲ್ಲಿ ಚಮಚ ಕಂಡು ನಿಂತ ಬ್ರೆತಾನನ ಕಣ್ಣು ಹೊಗಳಿಸಿಕೊಂಡಿದೆ. ಎಸೆಯಲು ಇಟ್ಟ ಪತ್ತಾಯದ ಮುಂದೆ ನಿಂತ ಈ ಕಣ್ಣಿಗೂ ಅಷ್ಟೇ ಮನ್ನಣೆ ಸಲ್ಲಬೇಕು.

ಮನೆಯಲ್ಲಿ ಹಳೆಯ ಮರದ ಸಾಮಾನಿದ್ದರೆ ಮೊದಲು ಮಗುಚಿ ತಳ ನೋಡಿ. ಗರಗಸದ ಗೆರೆ ನೇರವಾಗಿದ್ದು ಏರುಪೇರಾಗಿದ್ದರೆ ಕೈಗರಗಸದ ಕೊಯ್ತ. ಬಿಲ್ಲಿನಂತೆ ಬಾಗಿದ ಸಮನಾದ ಗೆರೆಗಳಿದ್ದರೆ ಯಂತ್ರದ್ದು. ಸಂದುಗಳಲ್ಲಿ ಕಬ್ಬಿಣದ ಮೊಳೆಯ ಬದಲು ಮರದ ಗೂಟವಿದೆಯೇ ನೋಡಿ. ಹೊಸದಾಗಿ ಬಣ್ಣ ಬಳಿಯಬೇಡಿ, ಉಜ್ಜಿ ತೊಳೆಯಬೇಡಿ, ಒಣಬಟ್ಟೆ ಸಾಕು. ಯಾವ ಮನೆಯದು, ಯಾರು ಕೂರುತ್ತಿದ್ದರು, ಯಾವ ಮರ, ಮಾಡಿದ ಆಚಾರಿ ಯಾವ ಊರಿನವನು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಕಂಬದ ಆಚಾರಿಯ ಹೆಸರು ಕಳೆದುಕೊಂಡ ನಾವು ಕುರ್ಚಿಯವನ ಹೆಸರನ್ನಾದರೂ ಉಳಿಸಿಕೊಳ್ಳಬಹುದು. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪ್ರಾಚೀನ ವಸ್ತುವಾಗುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು ಅಪರಾಧ ಎಂಬುದೂ ನೆನಪಿರಲಿ. ಇಟ್ಟುಕೊಳ್ಳಲು ಜಾಗವೇ ಇಲ್ಲ ಎಂದಾದರೆ ಮೋಪಿನ ಲಾರಿಗೆ ಹೇಳುವ ಮೊದಲು ಬಿ.ಸಿ. ರೋಡಿಗೋ ಧರ್ಮಸ್ಥಳಕ್ಕೋ ಒಂದು ಮಾತು ತಿಳಿಸಿ.